ಕಡಿದ ಕಾಲಿನ ಪಹಣಿ

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಮಲಗಿರುವ ವಾರ್ಡಿನಲ್ಲಿ ಹಗಲಿನ ದೂರು ಒಂದು, ರಾತ್ರಿಯ ದೂರು ಇನ್ನೊಂದು. ಹಗಲು ಡ್ರೆಸ್ಸಿಂಗ್, ಇನ್ಸುಲಿನ್, ಬಿಲ್ಲಿನ ಚಿಂತೆ. ದೀಪ ಆರಿದ ಮೇಲೆ "ಹೆಬ್ಬೆರಳು ಉರಿಲತ್ತದ" ಎಂದು ಶುರುವಾಗುತ್ತದೆ. ಮೊಣಕಾಲಿನ ಕೆಳಗೆ ಏನೂ ಇಲ್ಲದ ಮನುಷ್ಯ ಹೆಬ್ಬೆರಳಿನ ಮಾತೆತ್ತಿದರೆ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಮಗನಾದರೂ ಏನನ್ನಬೇಕು? "ಅಪ್ಪಾ, ಕಾಲೇ ಇಲ್ಲ, ಉರಿ ಎಲ್ಲಿಂದ ಬರ್ತದ? ಸುಮ್ನ ಮಲ್ಕೋ" ಅನ್ನುತ್ತಾನೆ. ಬೆಳಿಗ್ಗೆ ರೌಂಡಿಗೆ ಬಂದ ಡಾಕ್ಟರಿಗೆ ಹೇಳಿದರೆ, ಎಲ್ಲರೂ ಅಲ್ಲದಿದ್ದರೂ ಕೆಲವರು, "ಮನಸ್ಸಿಗೆ ಹಚ್ಕೋಬ್ಯಾಡ್ರಿ, ಮರೀರಿ" ಎಂದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಅಲ್ಲಿಗೆ ಆತ ಹೇಳುವುದನ್ನೇ ಬಿಡುತ್ತಾನೆ. ಉರಿ ಬಿಡುವುದಿಲ್ಲ.

ಈ "ಮರೀರಿ" ಎಂಬ ಸಲಹೆಯೇ ಈ ಬರಹಕ್ಕೆ ಕಾರಣ. ಕಾಲು ಹೋದ ಸಂಗತಿ ಮನುಷ್ಯನಿಗೆ ಚೆನ್ನಾಗಿ ಗೊತ್ತು, ಆದರೆ ಮೆದುಳಿನಲ್ಲಿ ಆ ಕಾಲಿನ ಜಾಗ ಹಾಗೇ ಇದೆ. ಕಲಬುರಗಿ, ಯಾದಗಿರಿ, ಬೀದರ ಕಡೆ ಕೈಕಾಲು ಹೋಗುವ ದಾರಿಗಳು ಹಲವು: ಸಕ್ಕರೆಯ ಗ್ಯಾಂಗ್ರೀನ್, ಹೈವೇ ಅಪಘಾತ, ತೊಗರಿ ರಾಶಿ ಮಷೀನು, ಮೇವು ಕತ್ತರಿಸುವ ಯಂತ್ರ, ಕರೆಂಟಿನ ಶಾಕ್, ತಡವಾಗಿ ಆಸ್ಪತ್ರೆಗೆ ಬಂದ ಹಾವಿನ ಕಡಿತ. ಹೇಗೇ ಹೋಗಿರಲಿ, ಇಲ್ಲದ ಅಂಗ ಇದೆ ಅನ್ನಿಸುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಅದು ನೋವಾಗಿಯೂ ಕಾಡುವುದು ಅರ್ಧಕ್ಕಿಂತ ಹೆಚ್ಚು ಜನರಿಗೆ. 1871ರಲ್ಲಿ ಅಮೆರಿಕದ ವೈದ್ಯ ಸೈಲಸ್ ವೀರ್ ಮಿಚೆಲ್ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿ ಇದಕ್ಕೆ ಫ್ಯಾಂಟಮ್ ಲಿಂಬ್, ಅಂದರೆ ಭೂತದ ಅಂಗ, ಎಂದು ಹೆಸರಿಟ್ಟ. ಅದಕ್ಕೂ 300 ವರ್ಷ ಮೊದಲೇ ಫ್ರಾನ್ಸಿನ ಶಸ್ತ್ರಚಿಕಿತ್ಸಕ ಆಂಬ್ರೋಸ್ ಪಾರೆ ಇದನ್ನು ಬರೆದಿಟ್ಟಿದ್ದ. ಅಂದರೆ ಇದು ಹೊಸ ಸುದ್ದಿಯೇನೂ ಅಲ್ಲ. ಈಚೆಗೆ ಬದಲಾಗಿರುವುದು ಅದರ ವಿವರಣೆ.

ಬದು ಒತ್ತಿದ ಕಥೆ

ಮೆದುಳಿನ ನಡುಭಾಗದಲ್ಲಿ, ಒಂದು ಕಿವಿಯ ಮೇಲಿನಿಂದ ನೆತ್ತಿಯವರೆಗೆ ಏರುವ ಮಡಿಕೆಯೊಂದರ ಮೇಲೆ ಇಡೀ ಮೈಯ ನಕಾಶೆ ಇದೆ. ಎಡ ಮೆದುಳಿನಲ್ಲಿ ಬಲ ಮೈ, ಬಲ ಮೆದುಳಿನಲ್ಲಿ ಎಡ ಮೈ. 1930ರ ದಶಕದಲ್ಲಿ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳ ಮೆದುಳಿಗೆ ಸಣ್ಣ ಕರೆಂಟು ಕೊಟ್ಟು "ಎಲ್ಲಿ ಅನ್ನಿಸಿತು?" ಎಂದು ಕೇಳುತ್ತ ಈ ನಕಾಶೆ ಬಿಡಿಸಿದ. ಅಳತೆಗೂ ಮೈಯ ಗಾತ್ರಕ್ಕೂ ಸಂಬಂಧವಿಲ್ಲ. ತುಟಿ, ಬೆರಳುಗಳಿಗೆ ಎಕರೆಗಟ್ಟಲೆ, ಇಡೀ ಬೆನ್ನಿಗೆ ಗುಂಟೆ ಲೆಕ್ಕ. ಪಕ್ಕದ ಹೊಲದವರು ಯಾರು ಎಂಬುದೂ ಮೈಯ ಕ್ರಮದಲ್ಲಿಲ್ಲ: ಕೈಯ ಪಕ್ಕಕ್ಕೆ ಮುಖ, ಪಾದ ಮಾತ್ರ ನೆತ್ತಿ ದಾಟಿ ಎರಡು ಮೆದುಳಿನ ನಡುವಿನ ಸಂದಿಯೊಳಗೆ.

ಹಾಗಾದರೆ ಕೈ ಹೋದ ಮೇಲೆ ಆ ಹೊಲ ಏನಾಗುತ್ತದೆ? 1984ರಲ್ಲಿ ಮೈಕೆಲ್ ಮರ್ಜೆನಿಕ್ ತಂಡ ಗೂಬೆ ಮಂಗಗಳ ಬೆರಳು ತೆಗೆದು ನೋಡಿತು. ಕೆಲವು ತಿಂಗಳಲ್ಲಿ ಅಕ್ಕಪಕ್ಕದ ಬೆರಳುಗಳು ಆ ಜಾಗಕ್ಕೆ ಒಂದೆರಡು ಮಿಲಿಮೀಟರ್ ಸರಿದಿದ್ದವು. 1991ರಲ್ಲಿ ಟಿಮ್ ಪಾನ್ಸ್ ತಂಡ, 12 ವರ್ಷದ ಹಿಂದೆ ತೋಳಿನ ಸಂವೇದನಾ ನರಗಳನ್ನು ಕತ್ತರಿಸಿದ್ದ ಮಂಗಗಳಲ್ಲಿ, ಕೈಯ ಜಾಗವೆಲ್ಲ ಮುಖದ ಸ್ಪರ್ಶಕ್ಕೆ ಓಗೊಡುವುದನ್ನು ಕಂಡಿತು. ಸರಿದ ದೂರ 10ರಿಂದ 14 ಮಿಲಿಮೀಟರ್. ಮರುವರ್ಷ, ಚೆನ್ನೈನಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್, ಕೈ ಇಲ್ಲದವರ ಕೆನ್ನೆಗೆ ಹತ್ತಿ ಸುತ್ತಿದ ಕಡ್ಡಿ ಮುಟ್ಟಿಸಿದಾಗ ಕೆಲವರಿಗೆ ಇಲ್ಲದ ಬೆರಳನ್ನು ಮುಟ್ಟಿದಂತಾಗುತ್ತದೆ ಎಂದು ತೋರಿಸಿದರು. 1995ರಲ್ಲಿ ಜರ್ಮನಿಯ ಹೆರ್ಟಾ ಫ್ಲೋರ್ ತಂಡ ಇನ್ನೊಂದು ಹೆಜ್ಜೆ ಹೋಯಿತು: ನಕಾಶೆ ಎಷ್ಟು ಸರಿದಿದೆಯೋ ಫ್ಯಾಂಟಮ್ ನೋವು ಅಷ್ಟು ಹೆಚ್ಚು.

ಕಥೆ ಕೂಡಿಬಂತು. ಒಡೆಯನಿಲ್ಲದ ಹೊಲ, ಪಕ್ಕದವ ಬದು ಒತ್ತಿ ಉಳುಮೆ ಮಾಡಿಕೊಂಡ, ಆ ಗಲಾಟೆಯೇ ನೋವು. ಪಠ್ಯಪುಸ್ತಕದಲ್ಲಿ, ಟಿವಿಯಲ್ಲಿ, ಫಿಸಿಯೋಥೆರಪಿ ಕ್ಲಾಸುಗಳಲ್ಲಿ ಎರಡು ದಶಕ ಇದೇ ಓಡಿತು. ಈಗಲೂ ಓಡುತ್ತಿದೆ.

ಆದರೆ ಪಹಣಿ ತೆಗೆಸಿ ನೋಡಿದರೆ ಹೆಸರು ಬದಲಾಗಿಲ್ಲ. 2013ರಲ್ಲಿ ಟ್ಯಾಮರ್ ಮೇಕಿನ್ ತಂಡ ಕೈ ಕಳೆದುಕೊಂಡವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ "ಇಲ್ಲದ ಕೈ ಆಡಿಸಿ" ಎಂದಿತು. ಹಳೆಯ ಕೈಯ ಜಾಗವೇ ಕೆಲಸ ಮಾಡಿತು. ನೋವು ಹೆಚ್ಚಿದ್ದವರಲ್ಲಿ ಇನ್ನೂ ಜೋರಾಗಿ. ಫ್ಲೋರ್ ತಂಡದ ಲೆಕ್ಕಕ್ಕೆ ಇದು ನೇರ ಉಲ್ಟಾ. ಆದರೂ ಒಂದು ಅನುಮಾನ ಉಳಿದಿತ್ತು: ಕೈ ಇದ್ದಾಗಿನ ನಕಾಶೆ ಯಾರ ಹತ್ತಿರವೂ ಇರಲಿಲ್ಲ, ಹೋದ ಮೇಲಿನದನ್ನು ಬೇರೆಯವರ ಕೈಯ ನಕಾಶೆಗೆ ಹೋಲಿಸಬೇಕಿತ್ತು. 2025ರಲ್ಲಿ ನೇಚರ್ ನ್ಯೂರೋಸೈನ್ಸ್‌ನಲ್ಲಿ ಬಂದ ಅಧ್ಯಯನ ಅದನ್ನೂ ತೀರಿಸಿತು. ತೋಳು ತೆಗೆಯುವುದು ಮೊದಲೇ ನಿಗದಿಯಾಗಿದ್ದ 3 ಜನರನ್ನು ಶಸ್ತ್ರಚಿಕಿತ್ಸೆಗೆ ಮೊದಲು ಸ್ಕ್ಯಾನ್ ಮಾಡಿ, ಆಮೇಲೆ 5 ವರ್ಷದವರೆಗೂ ಬೆನ್ನುಹತ್ತಿ ನೋಡಿದರು. ಬೆರಳುಗಳ ನಕಾಶೆ ಇದ್ದಲ್ಲೇ ಇತ್ತು. ಕೈ ಇದ್ದಾಗಿನ ಸ್ಕ್ಯಾನ್ ಕೊಟ್ಟು ಕಲಿಸಿದ ಕಂಪ್ಯೂಟರು, ಕೈ ಹೋದ ಮೇಲೆ ಆ ಮನುಷ್ಯ ಯಾವ ಫ್ಯಾಂಟಮ್ ಬೆರಳು ಆಡಿಸುತ್ತಿದ್ದಾನೆ ಎಂದು ಗುರುತಿಸಿತು. ತುಟಿ ತನ್ನ ಗಡಿ ದಾಟಿರಲಿಲ್ಲ.

ಮೂರೇ ಜನರಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅದೇ ಮನುಷ್ಯನ ಮೊದಲಿನ ಮತ್ತು ನಂತರದ ನಕಾಶೆ ಪಕ್ಕಪಕ್ಕ ಇಟ್ಟು ನೋಡುವುದಕ್ಕೂ ನೂರು ಬೇರೆಬೇರೆ ಜನರ ಸರಾಸರಿ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಹಾಗಾದರೆ ಹಿಂದಿನವರು ಕಂಡದ್ದು ಸುಳ್ಳೇ? ಸುಳ್ಳಲ್ಲ, ಪ್ರಶ್ನೆ ಕೇಳಿದ ರೀತಿ ಹಾಗಿತ್ತು. ಮೆದುಳಿನ ಒಂದು ಜಾಗ ಒಂದೇ ಅಂಗಕ್ಕೆ ಮೀಸಲಾಗಿರುವುದಿಲ್ಲ. ಕೈಯ ಜಾಗಕ್ಕೆ ಮುಖದ ಕ್ಷೀಣ ಸಂಕೇತ ಮೊದಲಿನಿಂದಲೂ ಬರುತ್ತಿರುತ್ತದೆ, ಕೈಯ ಸದ್ದಿನಲ್ಲಿ ಅದು ಕೇಳುವುದಿಲ್ಲ. ಕೈಯನ್ನು ಲೆಕ್ಕದಿಂದ ತೆಗೆದು "ಇಲ್ಲಿ ಯಾರು ಜೋರು?" ಎಂದು ಕೇಳಿದರೆ ಮುಖವೇ ಗೆಲ್ಲುತ್ತದೆ. ಮಂಗಕ್ಕಂತೂ ಇಲ್ಲದ ಕೈ ಆಡಿಸು ಎಂದು ಹೇಳಲಾಗುವುದಿಲ್ಲ.

ಹಾಗಾದರೆ ನೋವು ಎಲ್ಲಿಂದ?

ಇಲ್ಲಿ ಒಂದೇ ಉತ್ತರ ಹೇಳುವವರನ್ನು ನಂಬಬೇಡಿ. ಒಂದು ಮೂಲ ಮಾತ್ರ ಕಣ್ಣಿಗೆ ಕಾಣುವಂಥದ್ದು: ಕತ್ತರಿಸಿದ ನರದ ತುದಿ. ನರ ಬೆಳೆಯಲು ನೋಡುತ್ತದೆ, ತಲುಪಬೇಕಾದ ಪಾದವಿಲ್ಲ, ಅಲ್ಲೇ ಸುತ್ತಿಕೊಂಡು ಗಂಟಾಗುತ್ತದೆ. ಇದೇ ನ್ಯೂರೋಮಾ. ಸ್ಟಂಪಿನ, ಅಂದರೆ ಕಡಿದ ಮೇಲೆ ಉಳಿದ ಅಂಗದ ತುಂಡಿನ, ಒಂದು ಬಿಂದುವಿನ ಮೇಲೆ ಬೆರಳಿನಿಂದ ತಟ್ಟಿದರೆ ಇಲ್ಲದ ಕಿರುಬೆರಳಿಗೆ ಶಾಕ್ ಹೊಡೆದಂತಾದರೆ ಅಲ್ಲಿ ನ್ಯೂರೋಮಾ ಇದೆ ಎಂದು ಅನುಮಾನಿಸಬೇಕು. ಇನ್ನೂ ಮೇಲೆ, ಬೆನ್ನುಹುರಿಯ ಪಕ್ಕದಲ್ಲಿ ನರಕೋಶಗಳ ಗಂಟುಗಳಿವೆ. ಕೆಳಗಿಂದ ಸುದ್ದಿ ನಿಂತ ಮೇಲೂ ಇವು ತಾವಾಗಿಯೇ ಸಂಕೇತ ಕಳಿಸುತ್ತಿರುತ್ತವೆ. ಕಾಲು ಕಳೆದುಕೊಂಡವರಲ್ಲಿ ಬೆನ್ನುಹುರಿ ಪಕ್ಕದ ಆ ಗಂಟಿನ ಹತ್ತಿರ ಮರಗಟ್ಟಿಸುವ ಔಷಧ ಬಿಟ್ಟಾಗ ಬಹುತೇಕರ ಫ್ಯಾಂಟಮ್ ನೋವು ಆ ಹೊತ್ತಿಗೆ ಆರಿದ್ದನ್ನು 2014ರ ಒಂದು ಅಧ್ಯಯನ ತೋರಿಸಿತು. ಮೆದುಳಿನಲ್ಲಿ ನಕಾಶೆ ಹಾಗೇ ಇದೆ, ಕೆಳಗಿನಿಂದ ಸಂಕೇತ ಬರುತ್ತಿದೆ, ಎರಡೂ ಸೇರಿದರೆ ಹೆಬ್ಬೆರಳು ಉರಿಯದೆ ಇನ್ನೇನಾದೀತು? ಸಕ್ಕರೆಯವರಲ್ಲಿ ಇದು ಇನ್ನೂ ವಿಚಿತ್ರ. ಇದ್ದಾಗ ಮುಳ್ಳು ಹೊಕ್ಕರೂ ಗೊತ್ತಾಗದಷ್ಟು ಜೋಮು ಹಿಡಿದಿದ್ದ ಪಾದ, ಹೋದ ಮೇಲೆ ಉರಿಯುತ್ತದೆ.

ಕುಷ್ಠರೋಗದಿಂದ ಬಂದ ಒಂದು ತಿಳಿವಳಿಕೆಯನ್ನು ಇಲ್ಲಿ ಬಿಡುವಂತಿಲ್ಲ. ಮರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞೆ 1956ರಲ್ಲಿ ಬರೆದದ್ದು: ಬೆರಳುಗಳು ವರ್ಷಗಟ್ಟಲೆ ನಿಧಾನ ಸವೆದು ಮಾಯವಾದವರಿಗೆ ಫ್ಯಾಂಟಮ್ ಬೆರಳು ಬರುವುದಿಲ್ಲ. ಅದೇ ಜನರ ಉಳಿದ ಮೋಟು ಬೆರಳನ್ನು ಆಪರೇಶನ್ ಮಾಡಿ ತೆಗೆದರೆ ಬರುತ್ತದೆ. ನಿಧಾನಕ್ಕೆ ಹೋದದ್ದನ್ನು ಮೆದುಳು ಅಷ್ಟಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಒಮ್ಮೆಲೇ ಹೋದದ್ದನ್ನು ಇಲ್ಲ ಎಂದೇ ತೋರುತ್ತದೆ.

ಎಲ್ಲ ನೋವನ್ನೂ ಫ್ಯಾಂಟಮ್ ಎಂದು ಬರೆದು ಕೈತೊಳೆದುಕೊಳ್ಳುವುದೂ ತಪ್ಪೇ. ರೋಗಿಯನ್ನು ಕೇಳಬೇಕಾದದ್ದು "ನೋವು ಎಷ್ಟದ?" ಅನ್ನುವುದಕ್ಕಿಂತ ಮೊದಲು "ಎಲ್ಲದ, ಬೆರಳಿಟ್ಟು ತೋರ್ಸ್ರಿ" ಎಂದು. ಗಾಳಿಯಲ್ಲಿ, ಹಾಸಿಗೆಯ ಖಾಲಿ ಜಾಗದಲ್ಲಿ ಬೆರಳಿಟ್ಟರೆ ಫ್ಯಾಂಟಮ್. ಹೊಲಿಗೆಯ ಮೇಲಿಟ್ಟರೆ ಸ್ಟಂಪ್ ನೋವು. ಆಗ ಕೀವು, ಎಲುಬಿನ ಚೂಪು ತುದಿ, ರಕ್ತ ಓಡಾಟ, ನ್ಯೂರೋಮಾ ಹುಡುಕಬೇಕು. ಎರಡೂ ಇರುವವರೇ ಹೆಚ್ಚು, ಮತ್ತು ಸ್ಟಂಪ್ ಸರಿಹೋದರೆ ಫ್ಯಾಂಟಮ್ ಅರ್ಧ ಇಳಿಯುವುದುಂಟು. ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್ ಮಾತ್ರೆಗಳು ಕೆಲವರಿಗೆ ನಾಟುತ್ತವೆ, ಕೆಲವರಿಗೆ ನಿದ್ದೆ ಮತ್ತು ತಲೆಸುತ್ತು ಮಾತ್ರ ಕೊಡುತ್ತವೆ. ಕುಂಟುಗೋಲಿನ ಮೇಲೆ ನಡೆಯುವ ವಯಸ್ಸಾದವರಿಗೆ ತಲೆಸುತ್ತು ಸಣ್ಣ ಮಾತಲ್ಲ.

ರಾತ್ರಿ ಎದ್ದು ನಡೆದವರು

ಅಫಜಲಪುರ ಕಡೆಯ ಅರವತ್ತು ದಾಟಿದ ಒಬ್ಬ ರೈತರು, ಮೊಣಕಾಲ ಕೆಳಗೆ ಬಲಗಾಲು ತೆಗೆದು ಹೊಲಿಗೆ ಬಿಚ್ಚಿ ಮನೆಗೆ ಹೋದವರು, ನಾಲ್ಕೇ ದಿನಕ್ಕೆ ಸ್ಟಂಪ್ ಒಡೆದುಕೊಂಡು ಮರಳಿ ಬಂದರು. ಜೊತೆ ಬಂದ ಸೊಸೆ ಹೇಳಿದ್ದು: "ಮಾಮಾ ಮಾಳಗಿ ಮ್ಯಾಲ ಮಲಗಿದ್ರು. ನಸುಕಿನಾಗ ಎದ್ದು ಹೊಂಟ್ರು, ಹಂಗೇ ಬಿದ್ರು. ಯಾಕ್ ಎದ್ರಿ ಅಂದ್ರ, ಕಾಲು ನೆಲಕ್ಕ ಇಟ್ಟೇನಿ ಅಂತಾರ." ಅವರು ಸುಳ್ಳು ಹೇಳುತ್ತಿರಲಿಲ್ಲ. ಪಾದ ನೆಲಕ್ಕೆ ತಾಗಿದ ಅನುಭವ ಅವರಿಗೆ ಆಗಿತ್ತು, ತಾಗಿದ ಪಾದ ಇರಲಿಲ್ಲ ಅಷ್ಟೇ.

ನಿದ್ದೆಗಣ್ಣಿನಲ್ಲಿ ಎಣಿಕೆ ಮಾಡುವುದು ಹಳೆಯ ನಕಾಶೆ. ಎದ್ದು ಮೂತ್ರಕ್ಕೆ ಹೋಗುವುದಕ್ಕೆ ಯಾರೂ ಯೋಚಿಸಿ ಹೆಜ್ಜೆ ಇಡುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೋ ಅಂಗಳದಲ್ಲೋ ಮಲಗುವ ನಮ್ಮ ಕಡೆ ಈ ಅಪಾಯ ದುಪ್ಪಟ್ಟು: ಜಾಗವೂ ಹೊಸದು, ಹಿಡಿಯಲು ಗೋಡೆಯೂ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಜೊತೆ ಇದನ್ನೂ ಬರೆದುಕೊಡಬೇಕು. ಮೊದಲ ಕೆಲವು ತಿಂಗಳು ಮನೆಯೊಳಗೇ ಮಲಗಲಿ. ಮಂಚ ತಿರುಗಿಸಿ, ಇರುವ ಕಾಲು ಮೊದಲು ಇಳಿಯುವ ಹಾಗೆ ಹಾಕಿ. ಇಳಿಯುವ ಬದಿಗೆ ವಾಕರನ್ನೋ ಕುರ್ಚಿಯನ್ನೋ ಅಡ್ಡ ಇಡಿ, ಕೈ ತಾಗಿದರೆ ಎಚ್ಚರವಾಗುತ್ತದೆ. ಸಣ್ಣ ದೀಪ ಉರಿಯಲಿ, ರಾತ್ರಿ ಮೂತ್ರದ ಬಾಟಲಿ ಕೈಗೆ ಸಿಗುವಂತಿರಲಿ. ಬಿದ್ದವರಿಗೆ "ನೆನಪಿರಲಿಲ್ಲೇನು?" ಎಂದು ಬೈಯುವುದರಿಂದ ಪ್ರಯೋಜನವಿಲ್ಲ.

ಕನ್ನಡಿ, ಬಳೆ, ಹಚ್ಚೆ

ರಾಮಚಂದ್ರನ್ ಅವರ ಬದು ಒತ್ತುವಿಕೆಯ ವಿವರಣೆ ಅಲುಗಾಡಿದರೂ ಅವರು 1990ರ ದಶಕದಲ್ಲಿ ಕೊಟ್ಟ ಕನ್ನಡಿ ಉಳಿದುಕೊಂಡಿದೆ: ಇರುವ ಅಂಗದ ಬಿಂಬವನ್ನು ಇಲ್ಲದ ಅಂಗದ ಜಾಗದಲ್ಲಿ ಕಾಣಿಸಿ ನೋವು ಇಳಿಸುವ ಉಪಾಯ. 2007ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರ ಮೇಲೆ ಪರೀಕ್ಷೆ ನಡೆಯಿತು: ದಿನಕ್ಕೆ 15 ನಿಮಿಷ, 4 ವಾರ. ಕನ್ನಡಿ ನೋಡಿದ 6 ಜನರಿಗೂ ನೋವು ಇಳಿಯಿತು, ಮುಸುಕು ಹಾಕಿದ ಕನ್ನಡಿ ಮುಂದೆ ಕೂತವರಲ್ಲಿ ಒಬ್ಬರಿಗೆ, ಕಣ್ಣುಮುಚ್ಚಿ ಕಲ್ಪಿಸಿಕೊಂಡವರಲ್ಲಿ ಇಬ್ಬರಿಗೆ. ಮುಂದೆ ಬಂದ ಅಧ್ಯಯನಗಳು ಇಷ್ಟು ಚೊಕ್ಕ ಫಲ ತೋರಿಸಿಲ್ಲ. ಆದರೂ ಖರ್ಚು ಒಂದು ಕನ್ನಡಿಯದು, ಮಾಡಿ ನೋಡಲು ಅಡ್ಡಿಯಿಲ್ಲ.

ಕನ್ನಡಿ ಚಪ್ಪಟೆಯಾಗಿರಬೇಕು, ಅಲೆಅಲೆಯಾಗಿ ಕಾಣುವ ಅಗ್ಗದ ಗಾಜು ಬೇಡ. ಕೈಗಾದರೆ ಸುಮಾರು ಒಂದೂವರೆ ಅಡಿ ಚೌಕ ಸಾಕು. ಕಾಲಿಗೆ ನಾಲ್ಕು ಅಡಿ ಉದ್ದ ಬೇಕು, ಹಳೆ ಅಲಮಾರಿ ಬಾಗಿಲಿನದು ನಡೆಯುತ್ತದೆ. ಹಿಂದೆ ಪ್ಲೈವುಡ್ ಬಡಿದು ಅಂಚಿಗೆ ಟೇಪು ಸುತ್ತಿ. ಮೈಯ ನಟ್ಟನಡುವೆ ನಿಲ್ಲಿಸಿ, ಸ್ಟಂಪ್ ಹಿಂಬದಿಗೆ, ಇರುವ ಅಂಗ ಮುಂಬದಿಗೆ. ಮೊದಲ ಒಂದೆರಡು ನಿಮಿಷ ಏನೂ ಆಡಿಸದೆ ಬಿಂಬವನ್ನೇ ನೋಡಬೇಕು, ಅದು ತನ್ನದೇ ಎನ್ನಿಸುವವರೆಗೆ. ಆಮೇಲೆ ನಿಧಾನಕ್ಕೆ ಮುಷ್ಟಿ ಬಿಚ್ಚುವುದು, ಮುಚ್ಚುವುದು, ಪಾದ ಮೇಲೆ, ಕೆಳಗೆ. ಇಲ್ಲದ ಅಂಗವನ್ನೂ ಜೊತೆಗೇ ಅಷ್ಟೇ ವೇಗದಲ್ಲಿ ಆಡಿಸುವ ಪ್ರಯತ್ನ ನಡೆಯಬೇಕು. ಈ ಕೊನೆಯದನ್ನು ಹೇಳಿಕೊಡದೆ ಬಿಟ್ಟರೆ ಅದು ಬರೀ ಕನ್ನಡಿ ನೋಡಿದಂತೆ. ಕೆಡುವುದು ಹೆಚ್ಚಾಗಿ ಅವಸರದಲ್ಲಿ: ಬಿಂಬ ಬಿಚ್ಚುತ್ತದೆ, ಫ್ಯಾಂಟಮ್ ಮುಷ್ಟಿ ಬಿಚ್ಚುವುದಿಲ್ಲ, ಎರಡಕ್ಕೂ ತಾಳವಿಲ್ಲದೆ ನೋವು ಏರುತ್ತದೆ. ಇನ್ನು ಕೆಲವರಿಗೆ ತಲೆಸುತ್ತು, ವಾಕರಿಕೆ, ಕೆಲವರಿಗೆ ಅಳು. ಆಗ ನಿಲ್ಲಿಸಿ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಎಡಗೈ, ಬಲಗೈ ಚಿತ್ರಗಳನ್ನು ನೋಡಿ ಯಾವುದು ಯಾವ ಕೈ ಎಂದು ಗುರುತಿಸುವ ಅಭ್ಯಾಸ ಮೊದಲು, ಮನಸ್ಸಿನಲ್ಲೇ ಆಡಿಸುವುದು ಆಮೇಲೆ, ಕನ್ನಡಿ ಕೊನೆಗೆ. ಎರಡೂ ಕಾಲು ಹೋದವರಿಗೆ ಕನ್ನಡಿಯಿಂದ ಉಪಯೋಗವಿಲ್ಲ. ಎದುರು ಕೂತವರ ಕಾಲು ನೋಡುತ್ತ ಆಡಿಸಲು ಹೇಳಬಹುದು.

ಉಂಗುರ, ಗಡಿಯಾರ, ಬಳೆ ಎಲ್ಲ ತೆಗೆಯಿರಿ ಎಂದು ಪುಸ್ತಕಗಳು ಹೇಳುತ್ತವೆ. ತೊಗರಿ ರಾಶಿ ಮಾಡುವಾಗ ಸೆರಗು ಬೆಲ್ಟಿಗೆ ಸಿಕ್ಕು ಬಲಗೈ ಮೊಣಕೈ ಕೆಳಗೆ ಹೋದ ಯಾದಗಿರಿ ಜಿಲ್ಲೆಯ ಒಬ್ಬ ಹೆಣ್ಣುಮಗಳ ಮುಂದೆ ಈ ನಿಯಮ ಸೋತಿತು. ಆಕೆಯ ಇಲ್ಲದ ಮುಷ್ಟಿ ಬಿಗಿದು ಉಗುರು ಅಂಗೈಗೆ ಚುಚ್ಚುತ್ತಿತ್ತು. ಎಡಗೈಯ ಹಸಿರು ಬಳೆ ತೆಗೆಸಿ ಕನ್ನಡಿ ಮುಂದೆ ಕೂರಿಸಿದರೆ ಆಕೆ ಬಿಂಬದಿಂದ ಮುಖ ತಿರುಗಿಸಿದಳು. "ಬಣಬಣ ಕೈ ನಂದಲ್ರೀ ಅಕ್ಕಾ" ಎಂದಳು ಥೆರಪಿಸ್ಟಿಗೆ. ಗಂಡ ಬದುಕಿರುವಾಗ ಬರಿಗೈ ಅಪಶಕುನ ಎಂಬುದು ಒಂದು. ಇನ್ನೊಂದು ಪುಸ್ತಕದ ಲೆಕ್ಕದಲ್ಲೇ ಸರಿ: ಹೋದ ಕೈಯಲ್ಲೂ ಬಳೆ ಇದ್ದವು, ಫ್ಯಾಂಟಮ್ ಮಣಿಕಟ್ಟಿನಲ್ಲಿ ಅವು ಈಗಲೂ ಇದ್ದವು. ಬಳೆ ಮರಳಿ ಹಾಕಿದ ಮೇಲೆ ಬಿಂಬ ಕೂಡಿತು. ತೊಡಕಾದದ್ದು ಎಡ ಮುಂಗೈ ಮೇಲಿನ ಹಚ್ಚೆ; ಅದು ಬಲಗೈಯಲ್ಲಿ ಇರಲಿಲ್ಲ. ಅದರ ಮೇಲೆ ಚರ್ಮದ ಬಣ್ಣದ ಟೇಪು ಅಂಟಿಸಬೇಕಾಯಿತು. ನಿಯಮದ ಉದ್ದೇಶ ಎರಡು ಕೈ ಒಂದೇ ಥರ ಕಾಣಲಿ ಎಂಬುದು. ಒಡವೆ ಕಳಚುವುದೇ ನಿಯಮವಲ್ಲ.

ಸ್ಟಂಪಿನ ದೈನಿಕ ಕೆಲಸ

ಮೆದುಳಿನ ಬಗ್ಗೆ ಎಷ್ಟೇ ಮಾತಾಡಿದರೂ ದಿನದ ಕೆಲಸ ಸ್ಟಂಪಿನದು. ಕ್ರೇಪ್ ಬ್ಯಾಂಡೇಜು ಮೊಣಕಾಲ ಕೆಳಗಿನದಕ್ಕೆ 4 ಇಂಚು, ತೊಡೆಗೆ 6 ಇಂಚು. 8ರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಮನೆಯವರು ಬಳೆ ಹಾಕಿದಂತೆ ದುಂಡಗೆ ಸುತ್ತಿಬಿಡುತ್ತಾರೆ. ಆಗ ಮೇಲೆ ಬಿಗಿದು ತುದಿ ಊದಿ ನೀಲಿಗಟ್ಟುತ್ತದೆ, ಫ್ಯಾಂಟಮ್ ಪಾದವೂ ಹಿಂಡಿದಂತೆ ನೋಯುತ್ತದೆ. 4ರಿಂದ 6 ತಾಸಿಗೊಮ್ಮೆ ಬಿಚ್ಚಿ ಚರ್ಮ ನೋಡಿ ಮತ್ತೆ ಸುತ್ತಬೇಕು. ಮೊಣಕಾಲ ಕೆಳಗೆ ದಿಂಬು ಇಡುವುದು ಪ್ರೀತಿಯ ಕೆಲಸದಂತೆ ಕಾಣುತ್ತದೆ, ಮೊಣಕಾಲು ಮಡಚಿಯೇ ಗಟ್ಟಿಯಾದರೆ ಕೃತಕ ಕಾಲು ಕೂರುವುದಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ ಹತ್ತಿಯಿಂದ ಸವರುವುದು, ಆಮೇಲೆ ಟವೆಲ್ಲಿನಿಂದ, ಆಮೇಲೆ ಬುಟ್ಟಿಯಲ್ಲಿ ಜೋಳ ತುಂಬಿ ಅದರೊಳಗೆ ಸ್ಟಂಪ್ ಆಡಿಸುವುದು: ಮೆದುಳಿಗೆ ಆ ತುದಿಯಿಂದ ಮಾಮೂಲಿ ಸುದ್ದಿ ಹೋಗಲಿ ಎಂದು.

ಕೃತಕ ಕಾಲು ಹಾಕಿದ ಮೇಲೆ ಹಲವರಿಗೆ ಫ್ಯಾಂಟಮ್ ಪಾದ ಸೀದಾ ಅದರೊಳಗೆ ಹೋಗಿ ಕೂರುತ್ತದೆ, ನಡಿಗೆಗೆ ಅದು ನೆರವು. ಹಾಕದೆ ಬಿಟ್ಟರೆ ಕೆಲವರಲ್ಲಿ ಪಾದ ದಿನದಿನಕ್ಕೆ ಮೇಲೆ ಸರಿದು ಸ್ಟಂಪಿಗೇ ಅಂಟಿಕೊಂಡಂತಾಗುತ್ತದೆ. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ರೂಪಿಸಿದ ಜೈಪುರ ಪಾದ ನಮ್ಮ ಕಡೆಗೆ ಒಗ್ಗಿದ್ದಕ್ಕೆ ಕಾರಣ ಬರೀ ಅಗ್ಗವೆಂದಲ್ಲ; ಚಕ್ಕಳಮಕ್ಕಳ ಹಾಕಿ ರೊಟ್ಟಿ ತಟ್ಟುವುದು, ಕುಕ್ಕರಗಾಲಲ್ಲಿ ಕೂರುವುದು, ಬರಿಗಾಲಲ್ಲಿ ಗುಡಿಗೆ ಹೋಗುವುದು ಅದರಲ್ಲಿ ಸಾಧ್ಯ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಸಾಕೆಟ್ಟಿನೊಳಗೆ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲು) ಬೆವರು ನಿಂತು ಚರ್ಮ ಬೆಂದಂತಾಗುತ್ತದೆ. ಹತ್ತಿಯ ಸಾಕ್ಸು ಮಧ್ಯಾಹ್ನ ಒಮ್ಮೆ ಬದಲಿಸಿ, ರಾತ್ರಿ ಸ್ಟಂಪ್ ತೊಳೆದು ಒರೆಸಿ ಒಣಗಿಸಿ.

ವರ್ಷಗಟ್ಟಲೆ ಸುಮ್ಮನಿದ್ದ ಫ್ಯಾಂಟಮ್ ನೋವು ಏಕಾಏಕಿ ಎದ್ದರೆ ಅದನ್ನು ಹಳೆ ನೋವೆಂದು ಮಾತ್ರೆ ಕೊಟ್ಟು ಕಳಿಸುವುದು ರೂಢಿ. ಹಾಗೆ ಮಾಡಬಾರದು. ಕೃತಕ ಕಾಲು ಬಿಚ್ಚಿಸಿ ಸ್ಟಂಪ್ ನೋಡಿ: ತುದಿಯಲ್ಲಿ ಕೆಂಪು, ಬಿಸಿ, ಗುಳ್ಳೆ ಇದೆಯೇ. ಮೈ ಇಳಿದು ಸಾಕೆಟ್ ಸಡಿಲವಾಗಿದೆಯೇ, ಎಷ್ಟು ಸಾಕ್ಸು ಹಾಕಿ ಬಿಗಿ ಮಾಡಿಕೊಂಡಿದ್ದಾರೆ ಕೇಳಿ. ತಟ್ಟಿ ನ್ಯೂರೋಮಾ ಹುಡುಕಿ. ಸಕ್ಕರೆ ಪರೀಕ್ಷಿಸಿ. ಸೊಂಟ ನೋವಿದ್ದು ಕೆಮ್ಮಿದಾಗ ಇಲ್ಲದ ಪಾದಕ್ಕೆ ಸೆಳೆತ ಇಳಿದರೆ ಬೆನ್ನಿನ ಡಿಸ್ಕ್ ನರ ಒತ್ತುತ್ತಿರಬಹುದು. ಅದು ಕಾಲಿರುವವರಿಗೆ ಪಾದಕ್ಕೆ ಹೇಗೆ ಇಳಿಯುತ್ತದೋ ಇವರಿಗೂ ಹಾಗೇ ಇಳಿಯುತ್ತದೆ. ಇಷ್ಟೆಲ್ಲ ನೋಡಿ ಏನೂ ಸಿಗದಿದ್ದರೆ, ಇನ್ನೊಂದು ಪಾದದ ಚಪ್ಪಲಿ ಬಿಚ್ಚಿಸಿ ಅಡಿ ನೋಡಿ. ಸಕ್ಕರೆಯವರಲ್ಲಿ ಮುಂದಿನ ಹುಣ್ಣು ಅಲ್ಲಿ ಶುರುವಾಗುತ್ತದೆ.